ಷಡಕ್ಷರಿ ಬಿಗಿದ ಎಂಟು ಬೋಲ್ಟು

ಈಜುಕೊಳದ ಮೋಟರು ಸದ್ದು ಬದಲಿಸಿದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಗೆ. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ಆಗ ಮಂಡಿನೋವಿನ ತಂಡದವರು ನೀರಿನಲ್ಲಿದ್ದರು. ಅರವತ್ತು ದಾಟಿದ ಹನ್ನೊಂದು ಜನ ಹೆಂಗಸರು. ದಿನವೂ ಎರಡು ಗಂಟೆಗೆ ಬಂದು ಸೊಂಟದ ಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ನೆಲದ ಮೇಲೆ ಹತ್ತು ಹೆಜ್ಜೆ ಇಟ್ಟರೆ ಕೂರಲು ಜಾಗ ಹುಡುಕುವವರು ನೀರಿನಲ್ಲಿ ಒಂದು ಗಂಟೆ ನಡೆದು, ಊರಿನ ಸುದ್ದಿಯನ್ನೆಲ್ಲ ಮುಗಿಸಿ, ಬೆರಳ ತುದಿ ಸುಕ್ಕುಗಟ್ಟಿದ ಮೇಲೆಯೇ ಮೇಲೆ ಬರುತ್ತಿದ್ದರು. ಅವರಲ್ಲಿ ಹಿರಿಯರು ಪಂಕಜಮ್ಮ, ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮೊದಲು ಕಿವಿಗೊಟ್ಟವರು ಅವರೇ.

"ವತ್ಸಲಾ, ನಿನ್ನ ಮೋಟರು ನೋವು ತಿಂತಿದೆ ಕಣಮ್ಮ. ಹೋಗಿ ನೋಡು" ಎಂದರು.

ನಾನು ಪುರಸಭೆಯ ಈಜುಕೊಳಕ್ಕೆ ಸೇರಿದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮಕ್ಕಳಿಗೆ ಈಜು ಕಲಿಸಲೆಂದು. ಬರಬರುತ್ತಾ ನೀರು, ಕ್ಲೋರಿನ್, ಬೀಗದಕೈ, ಮೋಟರು ಎಲ್ಲವೂ ನನ್ನ ಕೊರಳಿಗೇ ಬಿದ್ದವು. ಆ ಮಂಗಳವಾರದ ಹೊತ್ತಿಗೆ ನನಗೆ ಐವತ್ತನಾಲ್ಕು. ಪಂಪ್‌ಹೌಸಿನ ಆರು ಮೆಟ್ಟಿಲು ಇಳಿಯುವಾಗಲೇ ವಾಸನೆ ಮೂಗಿಗೆ ಬಡಿಯಿತು. ಬಿಸಿಯಾದ ಬಣ್ಣ, ಅದರ ಹಿಂದೆ ಸುಟ್ಟ ಅರಗಿನಂಥದ್ದು. ಮೋಟರು ಹೊಟ್ಟೆಯೊಳಗಿನಿಂದ ಕಿರುಗುಟ್ಟುತ್ತಿತ್ತು. ಮೈಮೇಲೆ ಕೈಯಿಟ್ಟರೆ ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು. ಸ್ವಿಚ್ಚು ಆರಿಸಿದೆ.

ಒಂದು ಗಂಟೆ ಆರಲು ಬಿಟ್ಟು, ನನಗೆ ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ನೋಡುತ್ತಾ ಬಂದೆ. ಫ್ಯೂಸು ಮೂರೂ ಸರಿ ಇದ್ದವು. ಮೂರು ಫೇಸಿನಲ್ಲೂ ಕರೆಂಟು ಸಮನಾಗಿ ಬರುತ್ತಿತ್ತು. ಕಸ ಹಿಡಿಯುವ ಜಾಲರಿ ಬುಟ್ಟಿಯ ಮುಚ್ಚಳ ತೆಗೆದು, ಎಲೆ, ಕೂದಲು, ಯಾರದೋ ಒಂದು ರಬ್ಬರ್ ಬ್ಯಾಂಡು ತೆಗೆದೆ. ಅದರಿಂದ ಮೋಟರು ಕಟ್ಟಿಕೊಳ್ಳುವಂಥದ್ದೇನೂ ಇರಲಿಲ್ಲ. ವಾಲ್ವುಗಳು ತೆರೆದೇ ಇದ್ದವು. ಮತ್ತೆ ಸ್ವಿಚ್ಚು ಒತ್ತಿದರೆ ಮೋಟರು ಹೂಂಕರಿಸಿತು, ತಿರುಗಲಿಲ್ಲ, ಸ್ಟಾರ್ಟರು ಟಪ್ಪೆಂದು ಆಫ್ ಆಯಿತು. ಮೋಟರಿಗೂ ಪಂಪಿಗೂ ನಡುವಿನ ಶಾಫ್ಟನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ಅರ್ಧ ಸುತ್ತು ಬಂದು ಒಂದು ಕಡೆ ಕಚ್ಚಿಕೊಂಡಿತು. ಮೇಲಕ್ಕೆ ಕೆಳಕ್ಕೆ ಅಲುಗಿಸಿದರೆ ಹಾಲುಹಲ್ಲಿನ ಹಾಗೆ ಅಲುಗಿತು. ಸಂಜೆ ಪುರಸಭೆಯ ವೈರ್‌ಮನ್ ಬಂದ. ವೈರುಗಳನ್ನು ಬಿಗಿದವನು ಅವನೇ ಆದ್ದರಿಂದ ತಾನೇ ಬಿಚ್ಚಿ, ವೈಂಡಿಂಗಿಗೆ ಮೀಟರು ಹಿಡಿದು ನೋಡಿ ತಲೆಯಾಡಿಸಿದ. "ಬೇರಿಂಗ್ ಹೋಗಿ ಒಳಗೆಲ್ಲ ಉಜ್ಜಿದೆ ಮೇಡಂ. ವೈಂಡಿಂಗ್ ಪೂರ್ತಿ ಸುಟ್ಟಿದೆ. ಇದ್ರಲ್ಲಿ ಇನ್ನೇನೂ ಇಲ್ಲ" ಎಂದ.

ಹೊಸ ಮೋಟರಿಗೇನೂ ಕೊರತೆ ಇರಲಿಲ್ಲ. ನೀರು ಸರಬರಾಜಿಗೆಂದು ತರಿಸಿದ್ದು ಒಂದು ಪುರಸಭೆಯ ಉಗ್ರಾಣದಲ್ಲೇ ಇತ್ತು. ಹಳೆಯದನ್ನು ಬಿಚ್ಚಬೇಕಿತ್ತು, ಅಷ್ಟೆ. ಅಡಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ನಾಲ್ಕು ಬೋಲ್ಟು, ಪಂಪಿಗೆ ಜೋಡಿಸುವ ಬಿಲ್ಲೆಯಲ್ಲಿ ನಾಲ್ಕು. ಆ ಎಂಟನ್ನೂ ಇಪ್ಪತ್ತೊಂಬತ್ತು ವರ್ಷದ ಹಿಂದೆ ಬಿಗಿದವರು ಷಡಕ್ಷರಿ ಎಂಬ ಮೆಕ್ಯಾನಿಕ್. ನಮ್ಮ ಊರಿನಲ್ಲಿ ಯಾವ ಕೈ ಬಿಗಿಯುತ್ತದೆಯೋ ಆ ಕೈಗೇ ಬಿಚ್ಚುವುದು. ಬೇರೆ ಯಾರು ಎಷ್ಟು ಉದ್ದದ ಪೈಪು ಹಾಕಿ ಜಗ್ಗಿದರೂ ಸ್ಪ್ಯಾನರು ಬಾಗೀತೇ ಹೊರತು ಬೋಲ್ಟು ಮಿಸುಕುವುದಿಲ್ಲ.

ಇದಕ್ಕೆ ನಾವೆಲ್ಲ ಹುಟ್ಟಿನಿಂದಲೇ ಒಗ್ಗಿಕೊಂಡಿದ್ದೆವು. ಅಮ್ಮ ತವರಿಗೆ ಹೊರಟರೆ ಮೊದಲು ಉಪ್ಪಿನಕಾಯಿ ಜಾಡಿಗಳ ತಿರುಪಿನ ಮುಚ್ಚಳಗಳನ್ನೆಲ್ಲ ಸಡಿಲ ಮಾಡಿ, ಅಪ್ಪನ ಕೈಯಿಂದ ಮತ್ತೆ ಮುಚ್ಚಿಸಿ ಹೋಗುತ್ತಿದ್ದಳು. ಹೆಣ್ಣು ನೋಡಲು ಬಂದವರು ಮಂಚ ಬಿಗಿದವರು ಯಾರು, ಊರಿನಲ್ಲೇ ಇದ್ದಾರೆಯೇ ಎಂದು ಕೇಳುವುದಿತ್ತು. ಜಗಳವಾಡಿಕೊಂಡ ಅಣ್ಣತಮ್ಮಂದಿರು ಕಿಟಕಿಯ ಒಂದು ಬಾಗಿಲು ಬಿಚ್ಚಲು ಮಾತಾಡಲೇಬೇಕಾಗಿ ಬಂದು ರಾಜಿಯಾದದ್ದಿತ್ತು. ನಮ್ಮ ಕೊಳದ ಜಾಲರಿ ಬುಟ್ಟಿಯ ಮುಚ್ಚಳ ಬಿಗಿಯುವವಳು ನಾನು. ಹಾಗಾಗಿ ನನಗೆ ಜ್ವರ ಬಂದರೆ ಕೊಳಕ್ಕೂ ರಜೆ. ಊರು ಬಿಟ್ಟು ಹೋಗುವವರು ಹೊರಡುವ ಮುಂಚೆ ತಾವು ಬಿಗಿದದ್ದನ್ನೆಲ್ಲ ಸಡಿಲಿಸಿ ಹೋಗಬೇಕು. ಮನೆಮನೆಗೂ ಹೋಗಿ, ಕಾಫಿ ಕುಡಿದು, ಒಂದೊಂದು ನಟ್ಟು ಸಡಿಲಿಸಿ, ಆ ಮನೆಯವರ ಕೈಗೆ ಸ್ಪ್ಯಾನರು ಕೊಟ್ಟು ಹೋಗುತ್ತಾರೆ. ಇದಕ್ಕೆ ಸಡಿಲಿಕೆ ಎನ್ನುತ್ತೇವೆ. ಸರ್ಕಾರಿ ಜಾಗಗಳಲ್ಲಾದರೆ ಅದಕ್ಕೊಂದು ಪುಸ್ತಕವೇ ಇರುತ್ತದೆ.

ಮರುದಿನ ಬೆಳಿಗ್ಗೆ ಪುರಸಭೆಯ ಇಂಜಿನಿಯರು ಲೋಹಿತ್ ಆ ಪುಸ್ತಕ ಹಿಡಿದುಕೊಂಡೇ ಬಂದ. ಹೊರಗಿನ ಹುಡುಗ, ನಮ್ಮ ಊರಿಗೆ ಬಂದು ಎರಡು ವರ್ಷವಾಗಿತ್ತು. ಬಂದ ಹೊಸತರಲ್ಲಿ ಮನೆಯೊಡತಿ ಜಾಡಿ ಮುಚ್ಚಿ ಯಾತ್ರೆಗೆ ಹೋದಳೆಂದು ಹನ್ನೆರಡು ದಿನ ಬರೀ ಮೊಸರನ್ನ ತಿಂದವನು. ಕೆಲಸದಲ್ಲಿ ಚುರುಕು, ಮನಸ್ಸು ಒಳ್ಳೆಯದು, ಆದರೆ ತಾಳ್ಮೆ ಕಡಿಮೆ.

"ಮೇಡಂ, ಇಲ್ಲಿ ನೋಡಿ. ಷಡಕ್ಷರಿ ಅನ್ನೋರು ಎಂಟೂ ಸಡಿಲ ಮಾಡಿದ್ದಾರೆ ಅಂತಿದೆ. ಕೆಳಗೆ ನಿಮ್ಮ ಸೈನಿದೆ. ಅಂದ್ರೆ ಆಮೇಲೆ ಬಿಗಿದಿದ್ದು ನೀವೇ. ಒಂದು ಗಂಟೆ ಕೆಲಸ, ಬಿಚ್ಚಿಬಿಡಿ" ಎಂದ.

ಕೊಳದ ಕಟ್ಟೆಯ ಮೇಲೆ ಮಂಡಿನೋವಿನ ತಂಡ ಕೂತಿತ್ತು. ನೀರಿಗಿಳಿಯಲಾಗದಿದ್ದರೂ ಸುದ್ದಿ ಬಿಡಲಾಗದೆ ಬೆಳಿಗ್ಗೆಯೇ ಬಂದಿದ್ದರು. ಅವರೆಲ್ಲರ ಎದುರಿಗೇ ನಾನು ಇಪ್ಪತ್ತೇಳು ವರ್ಷ ಬಾಯಿಬಿಡದಿದ್ದ ಮಾತನ್ನು ಹೇಳಬೇಕಾಯಿತು.

"ಅವರು ಸಡಿಲ ಮಾಡಿರಲಿಲ್ಲ. ನಾನು ನೋಡದೆ ಸೈನು ಹಾಕಿದೆ."

"ಯಾವಾಗ ಗೊತ್ತಾಯ್ತು ನಿಮಗೆ?"

"ಅವತ್ತೇ" ಎಂದೆ.

ಮೋಟರು ಕೂರಿಸಿದ ಕಾಲಕ್ಕೆ ಷಡಕ್ಷರಿ ಮೂವತ್ತು ವರ್ಷದವರು. ಬಸ್‌ಸ್ಟ್ಯಾಂಡ್ ಪಕ್ಕ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಕೊಳ ಕಟ್ಟಿ ಮುಗಿದಾಗ ಮೋಟರು ಕೂರಿಸಲು ಅವರನ್ನು ಕರೆಸಿದರು. ಎರಡು ದಿನದ ಕೆಲಸಕ್ಕೆ ಒಂಬತ್ತು ದಿನ ತೆಗೆದುಕೊಂಡರು. ಮೋಟರಿನ ಶಾಫ್ಟೂ ಪಂಪಿನ ಶಾಫ್ಟೂ ಕೂದಲೆಳೆಯಷ್ಟೂ ಓರೆಯಿಲ್ಲದೆ ಕೂರಬೇಕೆಂದು ಅಡಿಗೆ ತಗಡಿನ ತುಂಡು ಇಡುವುದು, ತೆಗೆಯುವುದು, ಮತ್ತೆ ಇಡುವುದು. ದೀಪ ಹಿಡಿದು ನಿಲ್ಲಲು ಯಾರೂ ಇಲ್ಲದೆ ನಾನೇ ನಿಲ್ಲುತ್ತಿದ್ದೆ. ಅವರು ಕೆಲಸ ಮಾಡುವಾಗ ಮಾತಾಡುತ್ತಿರಲಿಲ್ಲ. ಕೈ ಒರೆಸಿಕೊಳ್ಳುವಾಗ ಮಾತ್ರ ಮಾತಾಡುತ್ತಿದ್ದರು. ನನ್ನ ಡಬ್ಬಿಯ ಅವಲಕ್ಕಿಯನ್ನು ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆವು. ಏಳನೆಯ ದಿನ ನನಗೆ ಗ್ರೀಸ್ ಗನ್ ಹಿಡಿಯುವುದನ್ನು ಕಲಿಸಿದರು. "ಎರಡು ತಿಂಗಳಿಗೊಂದು ಸಲ, ಎರಡೇ ಒತ್ತು. ಹೆಚ್ಚು ಹಾಕಿದ್ರೂ ಕೆಡುತ್ತೆ, ಮರೆತ್ರೂ ಕೆಡುತ್ತೆ" ಎಂದರು. ಆ ಕೊಳದಲ್ಲಿ ಮೊದಲ ಸಲ ನೀರು ಸುತ್ತಿದಾಗ ನಾವಿಬ್ಬರೇ ಇದ್ದೆವು. ಆಮೇಲೆ ಎರಡು ವರ್ಷ ಏನೋ ನೆಪ ಮಾಡಿಕೊಂಡು ತಿಂಗಳಿಗೊಮ್ಮೆ ಬಂದು ಮೋಟರಿನ ಸದ್ದು ಕೇಳಿ ಹೋಗುತ್ತಿದ್ದರು. ಅವರೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಗಂಡು ನೋಡುತ್ತಿದ್ದಾರೆಂಬ ಮಾತನ್ನು ಮಾತ್ರ ಒಮ್ಮೆ ಹೇಳಿದ್ದೆ, ಅವರು ಏನೆನ್ನುತ್ತಾರೋ ನೋಡೋಣವೆಂದು. "ಒಳ್ಳೇದಾಯ್ತು" ಎಂದರು.

ಮರು ತಿಂಗಳು ಸಕ್ಕರೆ ಕಾರ್ಖಾನೆಯ ಊರಿಗೆ ಕೆಲಸಕ್ಕೆ ಹೊರಟರು. ಇಡೀ ತಿಂಗಳು ಊರೆಲ್ಲ ತಿರುಗಿ ಸಡಿಲಿಕೆ ಮಾಡಿದರು. ಹಿಟ್ಟಿನ ಗಿರಣಿಗಳು, ಬಾವಿ ಪಂಪುಗಳು, ಟಾಕೀಸಿನ ಫ್ಯಾನುಗಳು. ಕೊಳಕ್ಕೆ ಬಂದದ್ದು ಕೊನೆಯ ದಿನ. ನಾನು ಮಕ್ಕಳಿಗೆ ಕಾಲು ಬಡಿಯುವುದನ್ನು ಕಲಿಸುತ್ತಿದ್ದೆ. ಪಂಪ್‌ಹೌಸಿಗೆ ಇಳಿದವರು ಹತ್ತು ನಿಮಿಷಕ್ಕೆ ಮೇಲೆ ಬಂದರು. ಪುಸ್ತಕ ಕೊಟ್ಟೆ. ತಲೆ ಎತ್ತದೆ ಬರೆದು ಸೈನು ಹಾಕಿದರು. ಒದ್ದೆ ಕೈಯಲ್ಲೇ ಕೆಳಗೆ ನನ್ನ ಹೆಸರು ಬರೆದೆ. ಕಾಗದದ ಮೇಲೆ ಆ ನೀರಿನ ಕಲೆ ಈಗಲೂ ಇದೆ. "ಗ್ರೀಸ್ ಮರೀಬೇಡಿ" ಎಂದು ಹೇಳಿ ಹೋದರು. ಮಕ್ಕಳನ್ನು ಕಳಿಸಿ, ಸಡಿಲವಾದದ್ದನ್ನು ಬಿಗಿಯಲೆಂದು ನಾನು ಸ್ಪ್ಯಾನರು ಹಿಡಿದು ಇಳಿದೆ. ಒಂದೂ ಸಡಿಲವಾಗಿರಲಿಲ್ಲ. ಎಂಟೂ ಕಲ್ಲಿನ ಹಾಗೆ ಕೂತಿದ್ದವು. ಆಗ ಮೂರೂಕಾಲು. ಅವರ ಬಸ್ಸು ನಾಲ್ಕಕ್ಕೆ. ಬಸ್‌ಸ್ಟ್ಯಾಂಡಿಗೆ ನಡೆದರೆ ಹದಿನೈದು ನಿಮಿಷ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮೋಟರಿನ ಪಕ್ಕದಲ್ಲೇ ಕೂತುಬಿಟ್ಟೆ. ನಾಲ್ಕು ಗಂಟೆಯ ಬಸ್ಸು ಹಾರ್ನು ಹಾಕಿಕೊಂಡು ಹೋದದ್ದು ಕೇಳಿಸಿತು.

ಮುಂದಿನ ವರ್ಷ ಸದಾನಂದರ ಜೊತೆ ನನ್ನ ಮದುವೆಯಾಯಿತು. ಅಂಚೆ ಕಚೇರಿಯಲ್ಲಿದ್ದರು. ಒಳ್ಳೆಯ ಮನುಷ್ಯ. ಇಪ್ಪತ್ತೆರಡು ವರ್ಷ ಚೆನ್ನಾಗಿಯೇ ಬಾಳಿದೆವು.

ಇದೆಲ್ಲವನ್ನೂ ನಾನು ಲೋಹಿತನಿಗೆ ಹೇಳಲಿಲ್ಲ. ಸಡಿಲಿಸಿಲ್ಲ, ನಾನು ಮುಚ್ಚಿಟ್ಟೆ ಎಂದಷ್ಟೇ ಹೇಳಿದೆ. ಅವನು ಪುಸ್ತಕ ಮುಚ್ಚಿ, "ಹಾಗಾದ್ರೆ ಕೊಯ್ಸೋದೇ" ಎಂದ.

ನಮ್ಮಲ್ಲಿ ಹ್ಯಾಕ್ಸಾ ಹಿಡಿಯುವುದು ಸತ್ತವರ ಬೋಲ್ಟಿಗೆ ಮಾತ್ರ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮನೆಯವರು ಸೇರಿ, ಹೋದವರು ಬಿಗಿದದ್ದನ್ನು ಕೊಯ್ದು ತೆಗೆಯುತ್ತಾರೆ. ಬದುಕಿರುವವರದ್ದಕ್ಕೆ ಬ್ಲೇಡು ಹಚ್ಚುವುದೆಂದರೆ ಅವರಿಗೆ ತಿಥಿ ಮಾಡಿದಂತೆ. ಸದಾನಂದರು ಹೋದಾಗ ಮನೆಯಲ್ಲಿ ಅವರು ಬಿಗಿದದ್ದು ನಲವತ್ತಮೂರು ಇದ್ದವು. ಮಂಚ, ಗೂಡಿನ ಕಪಾಟು, ಕನ್ನಡಿಯ ಚೌಕಟ್ಟು, ನನ್ನ ಹೊಲಿಗೆ ಯಂತ್ರದ ಕಾಲು. ಮೂರು ದಿನ ನಾನೇ ಕೊಯ್ದೆ. ಉಗುರಿನ ಸಂದಿಯ ಕಬ್ಬಿಣದ ಪುಡಿ ಹೋಗಲು ಎರಡು ವಾರ ಬೇಕಾಯಿತು.

"ಆತ ಬದುಕಿದ್ದಾನೋ ಇಲ್ವೋ ತಿಳೀದೆ ಕೊಯ್ತೀಯೇನಪ್ಪಾ?" ಎಂದು ಪಂಕಜಮ್ಮ ಕೇಳಿದರು.

"ಇಪ್ಪತ್ತೇಳು ವರ್ಷದಿಂದ ಸುದ್ದಿ ಇಲ್ಲ ಅಮ್ಮ. ನೀರು ಕೆಟ್ರೆ ಖಾಲಿ ಮಾಡಿಸ್ತಾರೆ. ಖಾಲಿ ಮಾಡಿದ್ರೆ ಮತ್ತೆ ತುಂಬ್ಸಕ್ಕೆ ಮಳೆಗಾಲದವರೆಗೂ ನೀರಿಲ್ಲ. ಮುಂದಿನ ವಾರದಿಂದ ಮಕ್ಕಳ ಬೇಸಿಗೆ ಕ್ಲಾಸು ಬೇರೆ. ನಾನೇನು ಮಾಡ್ಲಿ, ಹೇಳಿ?" ಎಂದ ಲೋಹಿತ್. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಕಡೆಗೆ, "ಸೋಮವಾರದವರೆಗೆ ನೋಡೋಣ. ಆಮೇಲೆ ನನ್ನ ಕೈಲೂ ಆಗಲ್ಲ ಮೇಡಂ" ಎಂದು ಹೊರಟ.

ಪಂಕಜಮ್ಮ ಅಂದೇ ಕಂಡಕ್ಟರ್ ಹಾಲಪ್ಪನನ್ನು ಹಿಡಿದರು. ಸಕ್ಕರೆ ಕಾರ್ಖಾನೆಯ ಊರಿಗೆ ಹೋಗುವ ಬಸ್ಸು ಅವನದು. ಅವನ ತಾಯಿಯ ಹೆರಿಗೆಯಲ್ಲಿ ಅವನನ್ನು ಹೊರಗೆ ತೆಗೆದವರೂ ಪಂಕಜಮ್ಮನೇ ಆದ್ದರಿಂದ ಅವನು ಅವರ ಮಾತು ತೆಗೆದುಹಾಕುವಂತಿರಲಿಲ್ಲ. "ಷಡಕ್ಷರಿ ಅಂತ, ಮೋಟರ್ ಮೆಕ್ಯಾನಿಕ್. ಕೊಳದ ಮೋಟರು ನಿಂತಿದೆ ಅಂತ ಹೇಳು. ಇನ್ನೇನೂ ಹೇಳ್ಬೇಡ" ಎಂದು ಕಳಿಸಿದರು.

ನೀರು ಉಳಿಸಿಕೊಳ್ಳುವುದು ನನ್ನ ಪಾಲಿಗೆ ಬಂತು. ಮೋಟರು ನಿಂತರೆ ಕೊಳ ಕೆಡಲು ಹೆಚ್ಚು ದಿನ ಬೇಡ. ಮೂರನೆಯ ದಿನಕ್ಕೆ ತಳ ಮಸುಕಾಗುತ್ತದೆ, ಐದನೆಯ ದಿನಕ್ಕೆ ಗೋಡೆಗೆ ಪಾಚಿಯ ಜಾರು ಹತ್ತುತ್ತದೆ. ಬೆಳಿಗ್ಗೆ ಸಂಜೆ ಬಕೆಟ್ಟಿನಲ್ಲಿ ಕ್ಲೋರಿನ್ ಕಲಸಿ ಸುರಿದೆ. ಉದ್ದ ಕೋಲಿನ ಬ್ರಷ್ಷಿನಿಂದ ಗೋಡೆ ಉಜ್ಜಿದೆ. ಆದರೆ ನೀರು ಅಲುಗಾಡದಿದ್ದರೆ ಮದ್ದು ಹಾಕಿದ ಕಡೆಯೇ ಕೂರುತ್ತದೆ. ಗುರುವಾರ ಮಂಡಿನೋವಿನ ತಂಡ ಸೀರೆ ಎತ್ತಿ ಕಟ್ಟಿಕೊಂಡು ಬಂತು. ನಾನು ಬೇಡವೆಂದರೂ ಕೇಳಲಿಲ್ಲ. ಹನ್ನೊಂದು ಜನ ಕಟ್ಟೆಯ ನಾಲ್ಕೂ ಕಡೆ ಕುರ್ಚಿ ಹಾಕಿಕೊಂಡು ಕೂತು, ಪಾತ್ರೆ ಅಂಗಡಿಯಿಂದ ತಂದ ಉದ್ದ ಸೌಟು, ಹಾಸಿಗೆ ಬಡಿಯುವ ಕೋಲು, ತೆಂಗಿನ ಗರಿಯ ದಿಂಡು ಹಿಡಿದು ನೀರು ಕದಡಿದರು. ಮೂರು ದಿನ ಕದಡಿದರು. "ಇಷ್ಟು ದೊಡ್ಡ ಸಾಂಬಾರು ನನ್ನ ಮದುವೇಲೂ ಕಲಸಿರಲಿಲ್ಲ" ಎಂದು ಯಾರೋ ಅಂದರು. ನೀರು ಹಸಿರಾಗಲಿಲ್ಲ. ಮಸುಕಾಗಿ, ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ನಿಂತಿತು.

ಶುಕ್ರವಾರ ಸಂಜೆ ಹಾಲಪ್ಪ ಬಂದ. ಆ ಊರಿನ ವೈಂಡಿಂಗ್ ಅಂಗಡಿಗಳನ್ನೆಲ್ಲ ಕೇಳಿಕೊಂಡು ಹೋಗಿ ನಾಲ್ಕನೆಯದರಲ್ಲಿ ಸಿಕ್ಕರಂತೆ. ಕಾರ್ಖಾನೆ ಬಿಟ್ಟು ಬಹಳ ವರ್ಷವಾಗಿ, ಸ್ವಂತ ಅಂಗಡಿ ಇಟ್ಟಿದ್ದರಂತೆ.

"ಕೊಳದ ಮೋಟರು ನಿಂತಿದೆ ಅಂದೆ. ಕೈಲಿದ್ದ ಕೆಲಸ ಕೆಳಗಿಟ್ರು. 'ಈಗ ನಿಲ್ತಾ?' ಅಂದ್ರು. ಆಮೇಲೆ, ನಾಳೆ ಬರ್ತೀನಿ ಅಂತ ಹೇಳು ಅಂದ್ರು. ಅಷ್ಟೇ ಅಕ್ಕ" ಎಂದ ಹಾಲಪ್ಪ.

ಶನಿವಾರ ಹನ್ನೊಂದು ಗಂಟೆಯ ಬಸ್ಸಿಗೆ ಬಂದರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಗೇಟಿನಲ್ಲಿ ಬಿಳಿಕೂದಲಿನ, ಸ್ವಲ್ಪ ಬಾಗಿದ ಮನುಷ್ಯರೊಬ್ಬರು ಖಾಕಿ ಚೀಲ ಹಿಡಿದು ನಿಂತದ್ದನ್ನು ಕಂಡು, ಯಾರು ಬೇಕಿತ್ತು ಎಂದು ಕೇಳುವಷ್ಟರಲ್ಲಿ ಅವರು ಕೈ ಒರೆಸಿಕೊಂಡರು. ಆ ಒರೆಸುವ ರೀತಿಯಲ್ಲೇ ಗುರುತು ಹತ್ತಿತು. ಮೊದಲು ಅಂಗೈ, ಆಮೇಲೆ ಬೆರಳ ಸಂದಿ.

"ಚೆನ್ನಾಗಿದೀರಾ ವತ್ಸಲಾ ಅವ್ರೇ?" ಎಂದರು.

"ಇದೀನಿ. ಊಟ ಮಾಡಿದ್ರಾ?"

"ಮೊದ್ಲು ಅದನ್ನ ನೋಡೋಣ ಬನ್ನಿ."

ಕಟ್ಟೆಯ ಹೆಂಗಸರಿಗೆ ಕೈಮುಗಿದು ಪಂಪ್‌ಹೌಸಿಗೆ ಇಳಿದರು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಮೋಟರಿನ ಮೈಮೇಲೆ ಅಂಗೈ ಇಟ್ಟರು. ಶಾಫ್ಟು ಅಲುಗಿಸಿ ನೋಡಿದರು. ಗ್ರೀಸ್ ಹಾಕುವ ತೂತಿನ ಬಾಯಿಯನ್ನು ಬೆರಳಿನಲ್ಲಿ ಸವರಿ, ಬೆರಳು ಮೂಗಿಗೆ ಹಿಡಿದರು. ನಾನು ದೀಪ ಹಿಡಿದೆ.

ಮೊದಲ ಬೋಲ್ಟಿಗೆ ಸ್ಪ್ಯಾನರು ಹಾಕಿ ಒತ್ತಿದಾಗ ಅದು ಕಿರ್ರೆಂದು ತಿರುಗಿತು. ಲೋಹಿತ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೆಳಿಗ್ಗೆ ತಾನೇ ನಾಲ್ಕಡಿ ಪೈಪು ಹಾಕಿ ಜಗ್ಗಿ ಸೋತವನು. ಬೋಲ್ಟು ಅವರ ಕೈಗೆ ಒಲಿದರೂ ತುಕ್ಕು ಒಲಿಯಬೇಕಲ್ಲ. ಎರಡನೆಯದಕ್ಕೆ ಎಣ್ಣೆ ಬಿಟ್ಟು ಕಾಯಬೇಕಾಯಿತು. ಅವರ ಬಲಗೈಯ ಹೆಬ್ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಒತ್ತುವಾಗ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಸಹಾಯಕ್ಕೆ ನಾನು ಕೈ ಹಾಕುವಂತಿರಲಿಲ್ಲ. ನನ್ನ ಬೆರಳು ಸ್ಪ್ಯಾನರಿಗೆ ತಾಗಿದರೂ ಅದು ನಿಂತುಬಿಡುತ್ತಿತ್ತು. ಎಣ್ಣೆ ಬಿಡುವುದು, ದೀಪ ಹಿಡಿಯುವುದು, ಇಷ್ಟೇ ನನ್ನಿಂದ ಆಗುತ್ತಿದ್ದದ್ದು. ನಾಲ್ಕು ಬೋಲ್ಟು ಬಂದ ಮೇಲೆ ಲೋಹಿತನಿಗೆ ಕಚೇರಿಯಿಂದ ಕರೆ ಬಂತು. ಅವನು ಹೋದ. ಅವರು ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟರು. ಮಜ್ಜಿಗೆ ಕೊಟ್ಟೆ.

ನನಗೆ ಇನ್ನು ತಡೆಯಲಾಗಲಿಲ್ಲ. "ಅವತ್ತು ಯಾಕೆ ಬಿಟ್ಟು ಹೋದ್ರಿ?" ಎಂದು ಕೇಳಿದೆ.

ಲೋಟ ಕೆಳಗಿಟ್ಟು ಕೈ ಒರೆಸಿಕೊಂಡರು. "ನೀವು ಕೇಳ್ತೀರಿ ಅಂತ ಗೊತ್ತಿತ್ತು. ದಾರಿಯುದ್ದಕ್ಕೂ ಏನು ಹೇಳೋದು ಅಂತ ಯೋಚಿಸ್ಕೊಂಡೇ ಬಂದೆ. ಸುಳ್ಳು ಯಾವುದೂ ಹೊಳೀಲಿಲ್ಲ. ಮೋಟರು ಅಂದ್ಮೇಲೆ ಒಂದಲ್ಲ ಒಂದಿನ ಕೆಡುತ್ತೆ. ನಾಲ್ಕು ವರ್ಷ, ಹೆಚ್ಚಂದ್ರೆ ಐದು. ಆವಾಗ ಕರೀತೀರಲ್ಲ, ಬರ್ಬಹುದು ಅಂತ. ಅಷ್ಟೇ."

ನಾನು ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದೆ.

"ಐದಾಯ್ತು, ಹತ್ತಾಯ್ತು. ಹಾಲಪ್ಪನಿಗಿಂತ ಮುಂಚೆ ಆ ಬಸ್ಸಿಗೆ ಬರ್ತಿದ್ದ ಕಂಡಕ್ಟರನ್ನ ಕೇಳ್ತಿದ್ದೆ, ನಿಮ್ಮೂರಿನ ಕೊಳ ಹೇಗಿದೆ ಅಂತ. ಕನ್ನಡಿ ಥರ ಇದೆ ಅನ್ನೋನು. ಇಂಥ ಮೋಟರು ಅದೆಷ್ಟು ರಿಪೇರಿ ಮಾಡಿದೀನಿ, ಯಾವುದೂ ಇಷ್ಟು ವರ್ಷ ಓಡಿದ್ದಿಲ್ಲ. ಆಮೇಲೆ ಕೇಳೋದು ಬಿಟ್ಟೆ. ಗಿರಿಜಾನ್ನ ಮದುವೆ ಆದೆ, ಇಬ್ರು ಹೆಣ್ಣುಮಕ್ಕಳಾದ್ರು. ಅವಳಿಗೂ ಇದು ಗೊತ್ತು. ನಿನ್ನೆ ಹೇಳಿದೆ. 'ಹೋಗಿ ಬಿಚ್ಚಿ ಬನ್ನಿ, ಬೇರೆಯವ್ರ ಊರಲ್ಲಿ ಅದೇನು ಕಟ್ಟಿಟ್ಟು ಬಂದಿದೀರಿ' ಅಂದ್ಲು. ಚಪಾತಿ ಕಟ್ಟಿ ಕಳ್ಸಿದಾಳೆ, ನಿಮಗೂ ಸೇರಿಸಿ."

"ಅಷ್ಟು ಚೆನ್ನಾಗಿ ಕೂರಿಸಿದ್ದು ನೀವೇ ಅಲ್ವಾ" ಎಂದೆ.

"ಕೂರಿಸೋವಾಗ ಹೊರಟು ಹೋಗ್ತೀನಿ ಅಂತ ಗೊತ್ತಿರ್ಲಿಲ್ಲವಲ್ಲ." ಸ್ವಲ್ಪ ನಕ್ಕರು. "ಆದ್ರೂ ಕೂರಿಸಿದ್ದೊಂದಕ್ಕೇ ಇಪ್ಪತ್ತೊಂಬತ್ತು ವರ್ಷ ಬರಲ್ಲ. ಗ್ರೀಸು ನೋಡಿದೆ. ಒಂದು ಸಲಾನೂ ತಪ್ಪಿಸಿಲ್ಲ ನೀವು."

"ಇಲ್ಲ. ಎರಡು ತಿಂಗಳಿಗೊಂದ್ಸಲ, ಎರಡೇ ಒತ್ತು" ಎಂದೆ. ಮದುವೆಯ ಹಿಂದಿನ ದಿನವೂ ಬಂದು ಹಾಕಿ ಹೋಗಿದ್ದೆ. ಬಾಣಂತನದಲ್ಲಿ ತಮ್ಮನಿಗೆ ಹೇಳಿಕೊಟ್ಟು ಹಾಕಿಸಿದ್ದೆ. ಸದಾನಂದರು ಹೋದ ತಿಂಗಳೂ ಬಿಟ್ಟಿರಲಿಲ್ಲ. ಷಡಕ್ಷರಿ ಹೇಳಿ ಹೋದ ಮಾತೆಂದು ಒಂದನ್ನಾದರೂ ನಡೆಸಿಕೊಂಡು ಬಂದೆನೆಂಬ ಸಮಾಧಾನದಲ್ಲಿ ಇಷ್ಟು ವರ್ಷ ಇದ್ದೆ. ಅದೇ ಅವರನ್ನು ಬರದಂತೆ ತಡೆಯಿತೆಂದು ಆ ಮೆಟ್ಟಿಲ ಮೇಲೆ ಕೂತಾಗ ತಿಳಿಯಿತು. ಇಬ್ಬರೂ ಸ್ವಲ್ಪ ಹೊತ್ತು ಮೋಟರನ್ನೇ ನೋಡುತ್ತಾ ಕೂತೆವು. ಆಮೇಲೆ ನನಗೆ ನಗು ಬಂತು. ಅವರಿಗೂ ಬಂತು. ಮೇಲಿನಿಂದ ಪಂಕಜಮ್ಮ, "ಏನಾಯ್ತೇ?" ಎಂದು ಕೂಗಿದರು. ಏನಿಲ್ಲವೆಂದೆ.

ಚಪಾತಿ ತಿಂದೆವು. ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ ಇತ್ತು. ಗಿರಿಜಾ ಅವರ ಕೈರುಚಿ ಚೆನ್ನಾಗಿದೆ ಎಂದೆ. ಹೇಳ್ತೀನಿ ಎಂದರು.

ಉಳಿದ ನಾಲ್ಕು ಬೋಲ್ಟು ಬಿಚ್ಚಲು ಎರಡು ಗಂಟೆ ಹಿಡಿಯಿತು. ಉಗ್ರಾಣದಿಂದ ನಾಲ್ಕು ಜನ ಹೊಸ ಮೋಟರನ್ನು ಹೊತ್ತು ತಂದು, ಹಳೆಯದನ್ನು ಎತ್ತಿ ಹೊರಗಿಟ್ಟರು. ಮೋಟರು ಇದ್ದ ಜಾಗದಲ್ಲಿ ಆ ಕಾಲದ ಬಣ್ಣ ಹಾಗೇ ಹಸಿರಾಗಿ ಉಳಿದಿತ್ತು. ಹೊಸದು ನೋಡಲು ಚಿಕ್ಕದು, ಹಗುರ. ಷಡಕ್ಷರಿ ಅದನ್ನು ತಟ್ಟಿ ನೋಡಿ, "ಇದಕ್ಕೆ ಗ್ರೀಸು ಬೇಡ. ಬೇರಿಂಗು ಮುಚ್ಚಿದ್ದೇ ಬರುತ್ತೆ. ಏಳು ವರ್ಷ ಓಡುತ್ತೆ, ಎಂಟು ಓಡಿದ್ರೆ ನಿಮ್ಮ ಪುಣ್ಯ" ಎಂದರು.

ಅಡಿಗೆ ತಗಡಿನ ತುಂಡು ಇಟ್ಟು, ಪಟ್ಟಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೊಂದು ತುಂಡು ಸೇರಿಸಿ ಕೂರಿಸಿದರು. ಆದರೆ ಬಿಗಿಯಲು ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. ನಾಳೆ ಊರಿಗೆ ಹೋಗುವವರು ಬಿಗಿಯುವಂತಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. "ಒಂದನ್ನೇ ಪೂರ್ತಿ ಬಿಗೀಬೇಡಿ. ಇದು ಸ್ವಲ್ಪ, ಎದುರಿನದು ಸ್ವಲ್ಪ. ಹಾಂ, ಈಗ ಆ ಕಡೆ" ಎಂದು ಹೇಳುತ್ತಾ ಹೋದರು. ಒಂದಾಯಿತು, ಮೂರಾಯಿತು, ಏಳಾಯಿತು. ಎಂಟನೆಯದನ್ನು ನಾನು ಬೆರಳಲ್ಲಿ ತಿರುಗಿಸಿ ಕೂರಿಸುವಾಗ ಅವರು ಮಾತು ನಿಲ್ಲಿಸಿದರು.

"ಇದೊಂದನ್ನ ನಾನು ಬಿಗೀಲಾ?" ಎಂದು ಕೇಳಿದರು.

ನನ್ನನ್ನು ನೋಡುತ್ತಿರಲಿಲ್ಲ. ಬೋಲ್ಟನ್ನೇ ನೋಡುತ್ತಿದ್ದರು. ಏಳು ವರ್ಷ ಎಂದು ನಾನು ಲೆಕ್ಕ ಹಾಕಿದೆ. ನನಗೆ ಅರವತ್ತೊಂದು ಆಗಿರುತ್ತದೆ, ಅವರಿಗೆ ಅರವತ್ತಾರು. ಬಸ್ಸಿನಿಂದ ಇಳಿದು ಬರುತ್ತಾರೆ. ಗಿರಿಜಾ ಚಪಾತಿ ಕಟ್ಟಿ ಕಳಿಸುತ್ತಾರೆ. ಹೂಂ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವರ ಮಡಚದ ಹೆಬ್ಬೆರಳು ಕಣ್ಣಿಗೆ ಬಿತ್ತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದದ್ದು ನೆನಪಾಯಿತು.

"ಬೇಡ" ಎಂದೆ. "ನೀವು ಬಿಗಿದದ್ದನ್ನ ಕೊಯ್ಯೋ ಕೆಲಸ ನನ್ನ ಕೈಲಿ ಆಗಲ್ಲ."

ಅವರು ತಲೆಯಾಡಿಸಿ, ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ನಾನು ಸೆರಗಿನ ತುದಿ ಕೊಟ್ಟೆ. ಮೊದಲು ಅಂಗೈ ಒರೆಸಿ, ಆಮೇಲೆ ಬೆರಳ ಸಂದಿ ಒರೆಸಿಕೊಂಡರು. ನಾನು ಎಂಟನೆಯದನ್ನು ಬಿಗಿದೆ.

ವೈರ್‌ಮನ್ ಬಂದು ವೈರು ಕೂಡಿಸಿದ. ಮೊದಲ ಸಲ ಮೋಟರು ಉಲ್ಟಾ ತಿರುಗಿತು. ಎರಡು ವೈರು ಅದಲುಬದಲು ಮಾಡಿದ ಮೇಲೆ ಸರಿಹೋಯಿತು. ಪಂಪು ಸ್ವಲ್ಪ ಹೊತ್ತು ಗಾಳಿ ಉಗುಳಿ, ಕೆಮ್ಮಿ, ಆಮೇಲೆ ನೀರು ಹಿಡಿಯಿತು. ಮೇಲೆ ಹೆಂಗಸರು ಸೌಟು, ಕೋಲುಗಳನ್ನೆಲ್ಲ ಕೆಳಗಿಟ್ಟು ನೋಡುತ್ತಿದ್ದರು. ಷಡಕ್ಷರಿ ಅಂದು ಹಾಲಪ್ಪನ ಮನೆಯಲ್ಲಿ ಉಳಿದು, ಭಾನುವಾರ ಬೆಳಗಿನ ಬಸ್ಸಿಗೆ ಹೊರಟರು. ಈ ಸಲ ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಗಿರಿಜಾ ಅವರಿಗೆಂದು ಒಂದು ಡಬ್ಬಿಯಲ್ಲಿ ಹುಣಸೆ ತೊಕ್ಕು ಕೊಟ್ಟೆ, ತಿರುಪಿನ ಮುಚ್ಚಳ ಹಾಕದೆ ಬಟ್ಟೆ ಕಟ್ಟಿ. ಲೋಹಿತ್ ಸಡಿಲಿಕೆಯ ಪುಸ್ತಕ ತಂದಿದ್ದ. ಅವರು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ತಾರೀಕು ಬರೆದು ಸೈನು ಹಾಕಿದರು. ಕೆಳಗೆ ನಾನು ಹಾಕಿದೆ. ಬಸ್ಸು ಹೊರಟಿತು.

ನೀರು ತಿಳಿಯಾಗಲು ಮಂಗಳವಾರದವರೆಗೆ ಹಿಡಿಯಿತು. ತಳದ ನೀಲಿ ಬಿಲ್ಲೆಗಳು ಒಂದೊಂದಾಗಿ ಕಂಡವು. ಬೆಳಿಗ್ಗೆ ಯಾರೂ ಬರುವ ಮುಂಚೆ ನಾನೊಬ್ಬಳೇ ಇಳಿದು, ಬೆನ್ನ ಮೇಲೆ ತೇಲಿ, ಕಿವಿ ಮುಳುಗಿಸಿದೆ. ನೀರಿನೊಳಗೆ ಮೋಟರು ಕೇಳುತ್ತದೆ. ಹೊಸದರ ದನಿ ಸಣ್ಣದು, ಹಳೆಯದರ ಹಾಗೆ ಎದೆಗೆ ತಾಗುವುದಿಲ್ಲ. ಎರಡು ಗಂಟೆಗೆ ಪಂಕಜಮ್ಮ ಮೊದಲು ಇಳಿದರು. ಅವರ ಹಿಂದೆ ಹತ್ತು ಜನ ಒಬ್ಬರ ಭುಜ ಒಬ್ಬರು ಹಿಡಿದು ಇಳಿದು, ನಿಲ್ಲಿಸಿದ್ದ ಕಡೆಯಿಂದ ಮಾತು ಶುರುಮಾಡಿದರು.